ಹಗುರ ಕಾರಿನ ಟ್ರ್ಯಾಕ್ ಸಿದ್ಧತೆ: ಮೊದಲ ಖರ್ಚು ಬ್ರೇಕಿಗೆ

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಉದ್ಯೋಗದಲ್ಲಿರುವ ಮಗ ಅಥವಾ ಮಗಳು ಭಾನುವಾರದ ಫೋನಿನಲ್ಲಿ ‘ಅಪ್ಪಾ, ಹಳೆಯದೊಂದು ಮಿಯಾಟಾ ಕೊಂಡಿದ್ದೇನೆ, ಮುಂದಿನ ತಿಂಗಳು ಟ್ರ್ಯಾಕ್ ಡೇಗೆ ಒಯ್ಯುತ್ತೇನೆ’ ಎಂದರೆ ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಕುಳಿತ ಹೆತ್ತವರಿಗೆ ತಲೆಬುಡ ತಿಳಿಯುವುದಿಲ್ಲ. ನಾಲ್ಕು ಜನ ಕೂರುವ ಒಳ್ಳೆಯ ಕಾರು ಮನೆ ಮುಂದೆ ಇರುವಾಗ ಎರಡೇ ಸೀಟಿನ, ಗಟ್ಟಿ ಮಾಡು ಸಹ ಇಲ್ಲದ ಹಳೆ ಕಾರು ಯಾಕೆ? ಟ್ರ್ಯಾಕ್ ಎಂದರೆ ರೇಸೇ ಅಲ್ಲವೇ? ಜೀವಕ್ಕೆ ಅಪಾಯವಿಲ್ಲವೇ? ಕನ್ನಡ ಸಂಘಗಳ ಸಭೆ ಮುಗಿದು ಕಾಫಿ ಕುಡಿಯುವ ಹೊತ್ತಿನಲ್ಲಿ ಮಕ್ಕಳ ಇಂಥ ಹವ್ಯಾಸಗಳ ಮಾತು ಬರುವುದು ಈಗ ಅಪರೂಪವೇನಲ್ಲ. ಆದ್ದರಿಂದ ಈ ಹವ್ಯಾಸದ ಒಳಹೊರಗನ್ನು ತುಸು ತಿಳಿದಿರುವುದು ಒಳ್ಳೆಯದು.

ಮೊದಲನೆಯದಾಗಿ, ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ರೇಸ್ ನಡೆಯದ ದಿನಗಳಲ್ಲಿ ರೇಸ್ ಪಥವನ್ನು ಬಾಡಿಗೆಗೆ ಪಡೆದ ಕ್ಲಬ್ಬುಗಳು, ಶುಲ್ಕ ಕೊಟ್ಟವರಿಗೆ ತಮ್ಮ ಸ್ವಂತ ಕಾರನ್ನು ಅಲ್ಲಿ ಓಡಿಸಲು ಅವಕಾಶ ಮಾಡಿಕೊಡುತ್ತವೆ. ಮೊದಲು ಬಂದವರಿಗೆ ಬಹುಮಾನವಿಲ್ಲ, ಕಪ್ ಇಲ್ಲ. ಎಲ್ಲರೂ ಒಂದೇ ದಿಕ್ಕಿನಲ್ಲಿ ಓಡುತ್ತಾರೆ, ಎದುರಿನಿಂದ ವಾಹನ ಬರುವುದಿಲ್ಲ, ತಿರುವು ತಿರುವಿನಲ್ಲೂ ಬಾವುಟ ಹಿಡಿದ ಸಿಬ್ಬಂದಿ ಇರುತ್ತಾರೆ, ಆಂಬುಲೆನ್ಸ್ ಸಿದ್ಧವಾಗಿ ನಿಂತಿರುತ್ತದೆ. ಹಾಗೆಂದು ಅಪಾಯವೇ ಇಲ್ಲ ಎಂದು ಹೇಳುವಂತಿಲ್ಲ. ರಸ್ತೆಯಲ್ಲಿ ವರ್ಷಗಟ್ಟಲೆ ತೊಂದರೆ ಕೊಡದ ಕಾರು ಇಲ್ಲಿ ಇಪ್ಪತ್ತು ನಿಮಿಷದಲ್ಲಿ ಕೈಕೊಡಬಹುದು. ಸಿದ್ಧತೆಯ ಪ್ರಶ್ನೆ ಬರುವುದು ಅಲ್ಲಿಯೇ.

ಈ ಹವ್ಯಾಸಕ್ಕೆ ಹೆಚ್ಚು ಹೊಂದಿಕೊಂಡ ಕಾರು ಯಾವುದು ಎಂದು ಕೇಳಿದರೆ ಅಮೆರಿಕದಲ್ಲಿ ಬರುವ ಉತ್ತರ ಬಹುತೇಕ ಒಂದೇ: ಮಜ್ದಾ ಎಂಎಕ್ಸ್-5, ಅಲ್ಲಿನವರ ಬಾಯಲ್ಲಿ ಮಿಯಾಟಾ. 1989ರ ಫೆಬ್ರವರಿಯಲ್ಲಿ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಜಪಾನಿ ಕಾರಿನ ಮುಂಭಾಗದಲ್ಲಿ 1.6 ಲೀಟರಿನ ಸಾಧಾರಣ ಎಂಜಿನ್, ಶಕ್ತಿ 116 ಹಾರ್ಸ್‌ಪವರ್, ಎಳೆಯುವುದು ಹಿಂದಿನ ಚಕ್ರಗಳು. ತೂಕ ಒಂದು ಸಾವಿರ ಕಿಲೋಗೂ ತುಸು ಕಡಿಮೆ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ಮರೆಯಾದ ಪದ್ಮಿನಿ ಟ್ಯಾಕ್ಸಿಯ ತೂಕವೂ ಹೆಚ್ಚು ಕಡಿಮೆ ಇಷ್ಟೇ ಇತ್ತು ಎಂದರೆ ಓದುಗರಿಗೆ ಅಂದಾಜು ಸಿಗಬಹುದು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ಹೊರಬಿತ್ತು. ಎರಡು ಸೀಟಿನ ತೆರೆದ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಬೇರೊಂದಿಲ್ಲ. ನಾಲ್ಕನೆಯ ಪೀಳಿಗೆಯ ಕಾರು 2015ರಿಂದ ಬರುತ್ತಿದೆ. ಅದರ ತೂಕವನ್ನೂ ಒಂದು ಟನ್ನಿನ ಆಸುಪಾಸಿನಲ್ಲಿಯೇ ಹಿಡಿದಿಟ್ಟಿದ್ದಾರೆ ಎಂಬುದು ಮೆಚ್ಚತಕ್ಕ ವಿಷಯ. ಉಳಿದೆಲ್ಲ ಕಾರುಗಳು ಈ ಮೂವತ್ತೈದು ವರ್ಷಗಳಲ್ಲಿ ಉಬ್ಬುತ್ತಲೇ ಹೋಗಿವೆ.

ಹಗುರ ಕಾರಿನ ಕಲ್ಪನೆಗೆ ಮೂಲಪುರುಷ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್. ಅವರ ಲೋಟಸ್ ಕಂಪೆನಿ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಕಾರಿಗೆ ಬಾಗಿಲೂ ಇರಲಿಲ್ಲ. ಅದರ ಹಕ್ಕನ್ನು 1973ರಲ್ಲಿ ಪಡೆದ ಕೇಟರ್‌ಹ್ಯಾಮ್ ಸಂಸ್ಥೆ ಅದೇ ಮಾದರಿಯನ್ನು ಇಂದಿಗೂ ತಯಾರಿಸುತ್ತಿದೆ. 1996ರಿಂದ 2021ರವರೆಗೆ ಬಂದ ಲೋಟಸ್ ಎಲೀಸ್ ಅಂಟಿನಿಂದ ಜೋಡಿಸಿದ ಅಲ್ಯೂಮಿನಿಯಂ ಚೌಕಟ್ಟಿನ ಕಾರು. ಮೊದಲ ಎಲೀಸ್ ತೂಗಿದ್ದು ಸುಮಾರು 725 ಕಿಲೋ ಮಾತ್ರ. ಆಗಿನ ಮಾಲೀಕರ ಮೊಮ್ಮಗಳ ಹೆಸರನ್ನು ಆ ಕಾರಿಗೆ ಇಟ್ಟರಂತೆ. ಆದರೆ ಸಂಬಳದಾರನ ಕೈಗೆ ಎಟುಕುವುದು, ಬಿಡಿಭಾಗ ಸುಲಭವಾಗಿ ದೊರೆಯುವುದು ಮಿಯಾಟಾಕ್ಕೆ. ಹಾಗಾಗಿ ಇಲ್ಲಿ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ತೂಕದ ಲೆಕ್ಕ

ಹಗುರವಾಗಿದ್ದರೆ ಏನು ಲಾಭ? ಇದನ್ನು ಜಮಾಖರ್ಚಿನ ಹಾಗೆ ನೋಡಬಹುದು. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಓಡುವ 1,000 ಕಿಲೋ ತೂಕದ ಕಾರಿನಲ್ಲಿ ಸುಮಾರು 990 ಕಿಲೋಜೂಲ್ ಚಲನಶಕ್ತಿ ಜಮೆಯಾಗಿರುತ್ತದೆ. ವೇಗವನ್ನು ಅರ್ಧಕ್ಕೆ, ಅಂದರೆ 80ಕ್ಕೆ ಇಳಿಸಿದರೆ ಉಳಿಯುವುದು ಅರ್ಧವಲ್ಲ, ಕಾಲುಭಾಗ. ಮಿಕ್ಕ ಸುಮಾರು 740 ಕಿಲೋಜೂಲ್ ಎಲ್ಲಿಗೆ ಹೋಯಿತು? ಅದರಲ್ಲಿ ಬಹುಪಾಲು ಬ್ರೇಕಿನ ಡಿಸ್ಕಿನಲ್ಲಿ ಶಾಖವಾಗಿ ಖರ್ಚು ಬಿತ್ತು. ಅಷ್ಟು ಶಾಖದಿಂದ ಎರಡೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಗ್ಯಾಸಿನ ಮೇಲೆ ಇಟ್ಟರೆ ಹತ್ತು ನಿಮಿಷವಾದರೂ ಹಿಡಿಯುವ ಕೆಲಸ. ಕಾರು ಅದನ್ನು ಮೂರು ಸೆಕೆಂಡಿನೊಳಗೆ ಮುಗಿಸುತ್ತದೆ. ಒಂದು ಸುತ್ತಿನಲ್ಲಿ ಇಂಥ ಗಟ್ಟಿ ಬ್ರೇಕು ನಾಲ್ಕೈದು ಸಲ, ಹತ್ತು ಸುತ್ತು ಓಡಿದರೆ ನಲವತ್ತು ಐವತ್ತು ಸಲ. ನಡುವೆ ತಣಿಯಲು ಪುರುಸೊತ್ತು ಎಲ್ಲಿದೆ?

ಇದೇ ಲೆಕ್ಕವನ್ನು 1,600 ಕಿಲೋ ತೂಕದ ದೊಡ್ಡ ಕಾರಿಗೆ ಹಾಕಿದರೆ ಪ್ರತಿ ಬ್ರೇಕಿಗೂ 1,185 ಕಿಲೋಜೂಲ್ ಆಗುತ್ತದೆ. ಆ ಕಾರಿಗೆ ಎಂಜಿನ್ ಶಕ್ತಿ ಹೆಚ್ಚಿರುವುದರಿಂದ ನೇರ ದಾರಿಯಲ್ಲಿ ಇನ್ನೂ ಜೋರಾಗಿ ಓಡಿರುತ್ತದೆ, ಹಾಗಾಗಿ ವಾಸ್ತವದಲ್ಲಿ ಖರ್ಚು ಇದಕ್ಕಿಂತ ಮೇಲೆಯೇ. ಟಯರು, ಬ್ರೇಕ್ ಪ್ಯಾಡು, ಪೆಟ್ರೋಲು ಮೂರೂ ಬೇಗ ಸವೆಯುತ್ತವೆ. ಹಗುರ ಕಾರಿನವನು ಒಂದು ಜೊತೆ ಟಯರಿನಲ್ಲಿ ಹಲವು ಟ್ರ್ಯಾಕ್ ದಿನಗಳನ್ನು ಮುಗಿಸಿ ಅದೇ ಕಾರಿನಲ್ಲಿ ಮನೆಗೆ ಬರುವುದು ಸಾಧ್ಯ. ಈ ಕಾರನ್ನು ಬಡವನ ಕುದುರೆ ಎಂದರೆ ತಪ್ಪಲ್ಲ.

ಹಾಗಿದ್ದೂ ಹೊಸಬರು ಮಾಡುವ ಮೊದಲ ಕೆಲಸವೆಂದರೆ ಎಂಜಿನ್ನಿನ ಶಕ್ತಿ ಹೆಚ್ಚಿಸಲು ಹೊರಡುವುದು. ಟರ್ಬೋ ಕೂರಿಸುವುದು, ಸೈಲೆನ್ಸರ್ ಬದಲಾಯಿಸುವುದು, ಹಿಂದೆ ರೆಕ್ಕೆ ಕಟ್ಟುವುದು. ಹಣವೆಲ್ಲ ಅಲ್ಲಿಗೇ ಹೋಗಿ, ಬ್ರೇಕು ಮಾತ್ರ ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿಯುತ್ತದೆ. ಆದಾಯ ಹೆಚ್ಚಿಸದೆ ಸಾಲ ಹೆಚ್ಚಿಸಿದ ಹಾಗೆ. ಈ ಹವ್ಯಾಸದಲ್ಲಿ ಹಣ್ಣಾದವರ ಕ್ರಮ ಇದಕ್ಕೆ ತೀರಾ ವಿರುದ್ಧ: ಮೊದಲು ಬ್ರೇಕು, ಆಮೇಲೆ ಟಯರು, ಆಮೇಲೆ ಎಂಜಿನ್ ತಣ್ಣಗಿರುವ ವ್ಯವಸ್ಥೆ. ಶಕ್ತಿಯ ಸರದಿ ಕಟ್ಟಕಡೆಗೆ. ಎಷ್ಟೋ ಜನರಿಗೆ ಆ ಸರದಿ ಬರುವುದೇ ಇಲ್ಲ, ಬೇಕೆಂದು ಅನಿಸುವುದೂ ಇಲ್ಲ.

ಬ್ರೇಕ್ ಆಯಿಲ್ ಕುದಿದರೆ

ಸಿದ್ಧತೆಯಲ್ಲಿ ಅತಿ ಅಗ್ಗದ್ದೂ ಅತಿ ಮುಖ್ಯವಾದದ್ದೂ ಬ್ರೇಕ್ ಆಯಿಲ್. ಕಾಲಿನಿಂದ ಪೆಡಲ್ ಒತ್ತಿದಾಗ ಆ ಒತ್ತಡವನ್ನು ಚಕ್ರದವರೆಗೆ ಒಯ್ಯುವುದು ಕೊಳವೆಯೊಳಗಿನ ಈ ದ್ರವ. ದ್ರವವನ್ನು ಹಿಂಡಿ ಸಣ್ಣದು ಮಾಡಲಾಗದು ಎಂಬ ಒಂದೇ ಗುಣದ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಆದರೆ ಈ ಆಯಿಲಿಗೆ ಒಂದು ಕೆಟ್ಟ ಚಾಳಿಯಿದೆ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ. ರಬ್ಬರಿನ ಹೋಸುಗಳ ಮೂಲಕ, ಮುಚ್ಚಳದ ಸಂದಿಯ ಮೂಲಕ, ಕಾರು ನಿಂತಿದ್ದರೂ ಸರಿಯೇ.

ನೀರು ಸೇರಿದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದರೆ ಅದೇ ಆಯಿಲಿಗೆ 140 ಡಿಗ್ರಿ ಸಾಕು. ಡಾಟ್ 4 ಆದರೆ 230 ಮತ್ತು 155. ಡಾಟ್ 5.1 ಆದರೆ 260 ಮತ್ತು 180. ರೇಸಿಗೆಂದೇ ಮಾಡಿದ ಆಯಿಲ್‌ಗಳು ಹೊಸದಿದ್ದಾಗ 300 ಡಿಗ್ರಿಯನ್ನೂ ದಾಟುತ್ತವೆ. ನಾಲ್ಕೈದು ವರ್ಷದ ಹಳೆಯ ಆಯಿಲ್ ಇಟ್ಟುಕೊಂಡು ಟ್ರ್ಯಾಕಿಗೆ ಇಳಿದವನ ಬ್ರೇಕಿನಲ್ಲಿ ಏನಾಗುತ್ತದೆ ಎಂದು ಈ ಅಂಕಿಗಳೇ ಹೇಳುತ್ತವೆ. ಡಿಸ್ಕಿನ ಶಾಖ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ಇಳಿದು ಒಳಗೆ ಆವಿಯ ಗುಳ್ಳೆ ಏಳುತ್ತದೆ. ಆವಿಯನ್ನು ಹಿಂಡಬಹುದು. ಆದ್ದರಿಂದ ಪೆಡಲ್ ಒತ್ತಿದರೆ ಅದು ಮೆತ್ತಗೆ ನೆಲಕ್ಕೆ ಹೋಗಿ ಕೂರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಎದುರಿಗೆ ತಿರುವು ಬಂದಾಗಿರುತ್ತದೆ.

ಬ್ರೇಕು ಸೋಲುವುದು ಎರಡು ಬಗೆ ಎಂಬುದನ್ನು ಕಾರು ಓಡಿಸುವ ಎಲ್ಲರೂ ತಿಳಿದಿರಬೇಕು. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಆಯಿಲ್ ಕುದಿದಿದೆ ಅಥವಾ ಸೋರಿದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡು ತನ್ನ ಶಾಖದ ಮಿತಿ ದಾಟಿದೆ. ಮೊದಲನೆಯದರಲ್ಲಿ ಆಯಿಲ್ ಕುದಿದದ್ದಾದರೆ ಮದ್ದು ಹೊಸ ಆಯಿಲ್. ಎರಡನೆಯದಕ್ಕೆ ಬೇರೆ ಪ್ಯಾಡ್. ಕಾರ್ಖಾನೆಯ ಪ್ಯಾಡು ಬೆಳಗಿನ ತಂಪಿನಲ್ಲಿ ಹಾಲಿನ ಅಂಗಡಿಗೆ ಹೋಗುವಾಗಲೂ ಹಿಡಿಯುವಂತೆ ಮಾಡಿದ್ದು. ಟ್ರ್ಯಾಕಿನ ಪ್ಯಾಡು ಕಾದ ಮೇಲೆಯೇ ಕೆಲಸಕ್ಕೆ ಬರುತ್ತದೆ. ತಣ್ಣಗಿದ್ದಾಗ ಕಿರ್ರೆಂದು ಕೂಗುತ್ತದೆ, ಚಕ್ರಕ್ಕೆಲ್ಲ ಕರಿ ಪುಡಿ ಬಳಿಯುತ್ತದೆ. ಎರಡೂ ಕೆಲಸ ಸರಿಯಾಗಿ ಮಾಡುವ ಪ್ಯಾಡು ಎಂದು ಮಾರುವವರಿದ್ದಾರೆ, ನಂಬಿದವರು ಎರಡು ಕಡೆಯೂ ಅರ್ಧ ಕೆಲಸ ಪಡೆಯುತ್ತಾರೆ. ಎರಡು ಜೊತೆ ಇಟ್ಟುಕೊಂಡು ಟ್ರ್ಯಾಕಿನ ಹಿಂದಿನ ದಿನ ಬದಲಾಯಿಸುವುದು ಲೇಸು. ಮಿಯಾಟಾದಲ್ಲಿ ಇದು ಮನೆಯಂಗಳದಲ್ಲಿ ಮುಗಿಯುವ ಕೆಲಸ. ಹೊಸ ಪ್ಯಾಡನ್ನು ನೇರ ದಾರಿಯಲ್ಲಿ ಹಲವು ಸಲ ಒತ್ತಿ, ಕಾಯಿಸಿ, ತಣಿಸಿ ಹದ ಮಾಡಿಕೊಳ್ಳಬೇಕೆಂಬುದನ್ನು ಮಾತ್ರ ಮರೆಯಬಾರದು.

1994ರ ಮಾದರಿಯಿಂದ 1.8 ಲೀಟರ್ ಎಂಜಿನ್ ಬಂದಾಗ ಕಂಪೆನಿಯೇ ಬ್ರೇಕ್ ಡಿಸ್ಕುಗಳನ್ನೂ ದೊಡ್ಡದು ಮಾಡಿತು. ಅದಕ್ಕೂ ಹಿಂದಿನ ಕಾರು ಇದ್ದವರು ಆ ಭಾಗಗಳನ್ನು ತಂದು ತಮ್ಮ ಕಾರಿಗೆ ಜೋಡಿಸಿಕೊಳ್ಳುವುದುಂಟು. ಶಕ್ತಿ ಹೆಚ್ಚಿಸಿದಾಗ ಕಾರ್ಖಾನೆಯವರೇ ಬ್ರೇಕನ್ನು ಮರೆಯಲಿಲ್ಲ ಎಂಬುದು ಗಮನಾರ್ಹ.

ಟಯರು, ಗಾಳಿ, ವಾಲು

ಟಯರನ್ನು ಕೊಳ್ಳುವ ಮೊದಲು ಇದ್ದದ್ದರ ವಯಸ್ಸು ನೋಡಬೇಕು. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಎಷ್ಟೇ ಚೆನ್ನಾಗಿರಲಿ, ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತು ಗಟ್ಟಿಯಾದ ರಬ್ಬರು ಟ್ರ್ಯಾಕಿಗೆ ಸಲ್ಲ. ಮುಂಬಯಿಯ ಸೊಸೈಟಿಗಳ ಕಾಂಪೌಂಡಿನಲ್ಲಿ ತಿಂಗಳುಗಟ್ಟಲೆ ಅಲುಗಾಡದೆ ನಿಲ್ಲುವ ಕಾರುಗಳಿಗೂ ಈ ಮಾತು ಅನ್ವಯಿಸುತ್ತದೆ.

ಗಾಳಿಯ ವಿಷಯ ಸ್ವಲ್ಪ ಸೂಕ್ಷ್ಮ. ಮೊದಲ ಮಿಯಾಟಾಗೆ ಕಂಪೆನಿ ಹೇಳಿರುವುದು 26 ಪೌಂಡ್. ನಾಲ್ಕು ಸುತ್ತು ಜೋರಾಗಿ ಓಡಿದರೆ ಒಳಗಿನ ಗಾಳಿ ಕಾದು 30 ದಾಟುತ್ತದೆ. ಹಾಗಾಗಿ ಓಡಿ ಬಂದ ಕೂಡಲೇ, ಬಿಸಿ ಇರುವಾಗಲೇ ಅಳೆದು ಹೆಚ್ಚಾದದ್ದನ್ನು ಬಿಡುತ್ತಾರೆ. ಸಂಜೆ ಮನೆಗೆ ಹೊರಡುವ ಮೊದಲು ಮತ್ತೆ ತುಂಬಿಸಬೇಕು. ಇಲ್ಲವಾದರೆ ತಣಿದ ಟಯರು ಹೆದ್ದಾರಿಯಲ್ಲಿ ಅರೆಗಾಳಿಯಲ್ಲಿ ಓಡಿದಂತಾಗುತ್ತದೆ. ಒಂದು ಒಳ್ಳೆಯ ಗೇಜು ಮತ್ತು ಒಂದು ಸಣ್ಣ ಪಂಪು ಡಿಕ್ಕಿಯಲ್ಲಿದ್ದರೆ ಸಾಕು, ದೊಡ್ಡ ಸಲಕರಣೆ ಬೇಕಿಲ್ಲ.

ತಿರುವಿನಲ್ಲಿ ಕಾರು ಹೊರಗಡೆಗೆ ವಾಲಿದಾಗ ಟಯರು ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ, ಒಳಗಿನ ಅರ್ಧ ಬರೀ ಅಲಂಕಾರ. ಇದನ್ನು ಸರಿದೂಗಿಸಲು ಚಕ್ರದ ತಲೆಯನ್ನು ಒಳಕ್ಕೆ ಎರಡು ಎರಡೂವರೆ ಡಿಗ್ರಿ ಬಾಗಿಸಿಡುತ್ತಾರೆ. ಕ್ಯಾಂಬರ್ ಎಂದು ಇದಕ್ಕೆ ಹೆಸರು. ಬಹಳ ಕಾರುಗಳಲ್ಲಿ ಇದಕ್ಕೆ ಬೇರೆ ಭಾಗ ಕೊಳ್ಳಬೇಕಾಗುತ್ತದೆ. ಹಳೆಯ ಮಿಯಾಟಾದಲ್ಲಿ ನಾಲ್ಕೂ ಚಕ್ರಕ್ಕೆ ಹೊಂದಿಸುವ ಬೋಲ್ಟುಗಳನ್ನು ಕಂಪೆನಿಯೇ ಕೊಟ್ಟಿದೆ, ವೀಲ್ ಅಲೈನ್‌ಮೆಂಟಿನ ಮಜೂರಿ ಮಾತ್ರ ಖರ್ಚು. ಆದರೆ ದಿನವೂ ಆಫೀಸಿಗೆ ಹೋಗುವ ಕಾರಿಗೆ ಅತಿಯಾಗಿ ಬಾಗಿಸಿದರೆ ಟಯರಿನ ಒಳ ಅಂಚು ಕಣ್ಣಿಗೆ ಕಾಣದ ಹಾಗೆ ಸವೆದು ತಂತಿ ಹೊರಬರುತ್ತದೆ. ಟ್ರ್ಯಾಕಿಗೆ ಒಳ್ಳೆಯದು ರಸ್ತೆಗೂ ಒಳ್ಳೆಯದು ಎಂಬ ನಂಬಿಕೆ ಸುಳ್ಳಾಗುವುದು ಇಂಥ ಕಡೆಗಳಲ್ಲಿ. ಗೀರು ಕಡಿಮೆ ಇರುವ ಟ್ರ್ಯಾಕ್ ಟಯರು ಒಣ ನೆಲದಲ್ಲಿ ಜಿಗಣೆಯಂತೆ ಹಿಡಿಯುತ್ತದೆ, ಮಳೆನೀರು ನಿಂತ ಹೆದ್ದಾರಿಯಲ್ಲಿ ತೇಲುತ್ತದೆ.

ಎಂಜಿನ್ನಿಗೆ ಬಂದರೆ, ಹೆಚ್ಚು ಹೇಳುವುದಕ್ಕಿಲ್ಲ. ಆಯಿಲ್ ಹೊಸದಿರಬೇಕು, ಪ್ರತಿ ಓಟದ ನಂತರ ಅಳೆಯಬೇಕು. ಮೂವತ್ತು ವರ್ಷದ ಹಳೆಯ ಕಾರಿನ ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಕಂದುಬಣ್ಣಕ್ಕೆ ತಿರುಗಿದ್ದರೆ ಅದು ಸೀಳುವ ದಿನ ದೂರವಿಲ್ಲ ಎಂದೇ ತಿಳಿಯಬೇಕು. ಈ ಎಂಜಿನ್ ಮೂಲತಃ ಮಜ್ದಾದ ಮುಂಚಕ್ರ ಎಳೆಯುವ ಕಾರಿಗೆ ಅಡ್ಡಲಾಗಿ ಕೂರಿಸಲು ಮಾಡಿದ್ದು. ಮಿಯಾಟಾದಲ್ಲಿ ಅದನ್ನು ಉದ್ದಕ್ಕೆ ತಿರುಗಿಸಿಟ್ಟಾಗ ನೀರು ಒಳಬರುವುದು, ಹೊರಹೋಗುವುದು ಎರಡೂ ಮುಂದಿನ ತುದಿಗೇ ಬಂದು, ಹಿಂದಿನ ನಾಲ್ಕನೆಯ ಸಿಲಿಂಡರು ಉಳಿದವಕ್ಕಿಂತ ಹೆಚ್ಚು ಕಾಯುತ್ತದೆ. ನೀರಿನ ದಾರಿಯನ್ನು ಹಿಂದಿನಿಂದ ತಿರುಗಿಸುವ ರಿಪೇರಿಯನ್ನು ಹವ್ಯಾಸಿಗಳು ತಾವೇ ಕಂಡುಕೊಂಡಿದ್ದಾರೆ. ಶಕ್ತಿ ಹೆಚ್ಚಿಸದ ಕಾರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಗಟ್ಟಿ ರೇಡಿಯೇಟರು ಮತ್ತು ಹೊಸ ಹೋಸು ಸಾಕು.

ತಲೆಯ ಮೇಲಿನ ಕಂಬಿ

ತೆರೆದ ಕಾರು ಮಗುಚಿದರೆ ತಲೆಯನ್ನು ಕಾಯುವುದು ಯಾವುದು? ಹೆತ್ತವರ ಆತಂಕ ನಿಜವಾಗಿ ನಿಲ್ಲಬೇಕಾದದ್ದು ಈ ಪ್ರಶ್ನೆಯ ಮುಂದೆ. ಸೀಟಿನ ಹಿಂದೆ ಬಾಡಿಗೆ ಬೋಲ್ಟು ಹಾಕಿ ಬಿಗಿದ ಉಕ್ಕಿನ ರೋಲ್ ಬಾರ್ ಇಲ್ಲದೆ ತೆರೆದ ಕಾರನ್ನು ಬಹಳ ಕ್ಲಬ್ಬುಗಳು ಒಳಗೆ ಬಿಡುವುದಿಲ್ಲ. ಹೊಳೆಯುವ ತೆಳು ಕೊಳವೆಯ ‘ಸ್ಟೈಲ್ ಬಾರ್’ ಎಂಬುದೂ ಮಾರುಕಟ್ಟೆಯಲ್ಲಿದೆ. ಅದು ಶೋಕಿಗೆ, ಪ್ರಾಣಕ್ಕಲ್ಲ. ಕ್ಲಬ್ಬಿನವರು ಪರೀಕ್ಷಿಸುವ ಕ್ರಮ ಬಹಳ ಸರಳ. ಚಾಲಕ ಹೆಲ್ಮೆಟ್ ಹಾಕಿ ಸೀಟಿನಲ್ಲಿ ಕೂರುತ್ತಾನೆ. ರೋಲ್ ಬಾರಿನ ತುದಿಯಿಂದ ಮುಂಗಾಜಿನ ಚೌಕಟ್ಟಿನ ತುದಿಗೆ ಒಂದು ಕೋಲನ್ನು, ಹಲವು ಕಡೆ ಪೊರಕೆಯ ಹಿಡಿಯನ್ನೇ, ಅಡ್ಡ ಇಡುತ್ತಾರೆ. ಹೆಲ್ಮೆಟ್ ಅದಕ್ಕೆ ತಗುಲಬಾರದು, ಕೆಳಗಿರಬೇಕು. ಎತ್ತರದ ಹುಡುಗರು ಸೀಟಿನೊಳಗಿನ ಸ್ಪಂಜನ್ನು ಕತ್ತರಿಸಿ ತೆಗೆದು ತಗ್ಗಿ ಕೂರುವುದು ಈ ಪೊರಕೆ ಪರೀಕ್ಷೆಯಲ್ಲಿ ಪಾಸಾಗಲಿಕ್ಕೆ.

ಇನ್ನೊಂದು ಎಚ್ಚರಿಕೆ. ರೇಸಿನವರ ಹಾಗೆ ಭುಜಕ್ಕೆರಡು ಪಟ್ಟಿಯ ಹಾರ್ನೆಸ್ ಕಟ್ಟಿಕೊಂಡರೆ ಹೆಚ್ಚು ಭದ್ರ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ರೋಲ್ ಬಾರ್ ಇಲ್ಲದ ಕಾರಿನಲ್ಲಿ ಅದು ಮೃತ್ಯುವಿಗೆ ಆಹ್ವಾನ. ಸಾಧಾರಣ ಬೆಲ್ಟು ಕಾರು ಮಗುಚಿದಾಗ ಮೈಯನ್ನು ಬದಿಗೆ ವಾಲಲು ಬಿಡುತ್ತದೆ, ಹಾರ್ನೆಸ್ ನೆಟ್ಟಗೆ ಕೂರಿಸಿ ಹಿಡಿದಿಡುತ್ತದೆ. ಮೈ ಅಲುಗದಂತೆ ಕಟ್ಟಿದಾಗ ಡಿಕ್ಕಿಯಾದರೆ ತಲೆ ಮಾತ್ರ ಮುಂದಕ್ಕೆ ಎಸೆಯಲ್ಪಟ್ಟು ಕುತ್ತಿಗೆಗೆ ಪೆಟ್ಟಾಗುತ್ತದೆ. ಹಾಗಾಗಿ ಹಾರ್ನೆಸ್ ಕಟ್ಟುವವರು ಕುತ್ತಿಗೆ ಕಾಯುವ ಹ್ಯಾನ್ಸ್ ಸಾಧನವನ್ನೂ ಹಾಕಲೇಬೇಕು. ಒಂದನ್ನು ಕೊಂಡರೆ ಮೂರನ್ನೂ ಕೊಳ್ಳಬೇಕು, ಇಲ್ಲವಾದರೆ ಕಂಪೆನಿಯ ಬೆಲ್ಟಿನಲ್ಲಿಯೇ ಇರಬೇಕು. ಹೆಲ್ಮೆಟ್ ಕೂಡ ಮೋಟಾರ್‌ಸೈಕಲ್ಲಿನದ್ದಾದರೆ ಅನೇಕ ಕಡೆ ಒಪ್ಪುವುದಿಲ್ಲ. ಸ್ನೆಲ್ ಸಂಸ್ಥೆಯ ಎಸ್‌ಎ ಗುರುತಿನ ಹೆಲ್ಮೆಟ್ ಬೆಂಕಿಯನ್ನೂ ತಡೆಯುವಂಥದ್ದು. ಮತ್ತು ರೋಲ್ ಬಾರ್ ಹಾಕಿದ ಕಾರನ್ನು ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸುವಾಗ ಅದೇ ಕಂಬಿ ತಲೆಯ ಹಿಂದೆ ಇರುತ್ತದೆ. ಅದಕ್ಕೆ ದಪ್ಪ ಗಟ್ಟಿ ಫೋಮು ಸುತ್ತುವುದು ಕಡ್ಡಾಯ.

ಟ್ರ್ಯಾಕಿನಲ್ಲಿ ಒಂದು ದಿನ

ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ಪ್ರದೇಶದಲ್ಲಿರುವವರಿಗೆ ಹತ್ತಿರದ ಪ್ರಸಿದ್ಧ ಪಥ ಮಾಂಟೆರೇಯ ಲಗೂನಾ ಸೆಕಾ. 1957ರಲ್ಲಿ ಆರಂಭವಾದದ್ದು. ಸುತ್ತಿಗೆ 3.6 ಕಿಲೋಮೀಟರ್, 11 ತಿರುವು. ಎಂಟನೆಯ ತಿರುವಿನಲ್ಲಿ ಪಥ ಎಡಕ್ಕೂ ತಕ್ಷಣ ಬಲಕ್ಕೂ ಹೊರಳಿ ಸುಮಾರು 18 ಮೀಟರ್, ಅಂದರೆ ಐದಾರು ಮಾಳಿಗೆಯಷ್ಟು ಕೆಳಗಿಳಿಯುತ್ತದೆ. ಕಾರ್ಕ್‌ಸ್ಕ್ರೂ ಎಂದು ಅದರ ಹೆಸರು. ದಿಣ್ಣೆಯ ಮೇಲೆ ಬ್ರೇಕ್ ಒತ್ತುವಾಗ ಮುಂದೆ ದಾರಿಯೇ ಕಾಣುವುದಿಲ್ಲ. ಸದ್ದಿನ ನಿಯಮವೂ ಅಲ್ಲಿ ಬಿಗಿ. ಹೆಚ್ಚಿನ ದಿನಗಳಲ್ಲಿ 90 ಅಥವಾ 92 ಡೆಸಿಬಲ್ ದಾಟಿದ ಕಾರನ್ನು ಹೊರಗೆ ಕಳುಹಿಸುತ್ತಾರೆ. ದುಬಾರಿ ಸೈಲೆನ್ಸರ್ ಹಾಕಿಸಿಕೊಂಡು ಬಂದವನು ಕಟ್ಟಿದ ಶುಲ್ಕ ಕಳೆದುಕೊಂಡು ಬದಿಗೆ ನಿಂತು ನೋಡಬೇಕಾಗುತ್ತದೆ.

ಬೆಳಗ್ಗೆ ಕಾರಿನ ತಪಾಸಣೆ. ಡಿಕ್ಕಿಯ ಸ್ಟೆಪ್ನಿ, ಜಾಕು, ಕಾಲಡಿಯ ಮ್ಯಾಟು, ನೀರಿನ ಬಾಟಲಿ ಎಲ್ಲ ಹೊರಗೆ. ಉರುಳಿ ಬಂದು ಪೆಡಲಿನ ಕೆಳಗೆ ಸಿಕ್ಕ ಒಂದು ಬಾಟಲಿ ಸಾಕು. ಬ್ಯಾಟರಿ ಅಲುಗಾಡಬಾರದು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗಿನ ಸಡಿಲು ತಿಳಿಯುತ್ತದೆ. ಚಕ್ರದ ನಟ್ಟುಗಳನ್ನು ಅಳತೆಯ ಪಾನಾದಿಂದ ಬಿಗಿದು, ದಿನವಿಡೀ ಪ್ರತಿ ಓಟದ ನಂತರ ಮತ್ತೆ ನೋಡಬೇಕು. ನಂತರ ಚಾಲಕರ ಸಭೆ, ಬಾವುಟಗಳ ಪಾಠ. ಹಳದಿ ಎಂದರೆ ಮುಂದೆ ಅಪಾಯ, ಕರಿದು ತೋರಿಸಿದರೆ ಒಳಗೆ ಬಾ, ಕೆಂಪಾದರೆ ಎಲ್ಲರೂ ನಿಲ್ಲಬೇಕು. ಹೊಸಬರ ಗುಂಪಿಗೆ ಪಕ್ಕದ ಸೀಟಿನಲ್ಲಿ ಅನುಭವಿ ಶಿಕ್ಷಕ ಕೂರುತ್ತಾರೆ. ಮುಂದಿನವನು ಕಿಟಕಿಯಿಂದ ಕೈ ಚಾಚಿ ದಾರಿ ತೋರಿಸದೆ ಹಿಂದಿನವನು ದಾಟುವಂತಿಲ್ಲ. ಮುಂಬಯಿಯಲ್ಲಿ ಕಾರು ಓಡಿಸಿ ಅಭ್ಯಾಸವಿದ್ದವರಿಗೆ ಈ ಶಿಸ್ತು ಕೊಂಚ ವಿಚಿತ್ರ ಅನಿಸೀತು!

ಒಂದು ಓಟ ಇಪ್ಪತ್ತು ಇಪ್ಪತ್ತೈದು ನಿಮಿಷ. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿ ಎಲ್ಲವನ್ನೂ ತಣಿಸಬೇಕು. ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬಾರದು. ಕಾದ ಪ್ಯಾಡು ಡಿಸ್ಕಿಗೆ ಅಂಟಿಕೊಂಡೀತು. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡುವುದು ಪದ್ಧತಿ. ಮಧ್ಯಾಹ್ನದ ಮೇಲೆ ದಣಿವು ಬಂದಾಗ ಕೊನೆಯ ಓಟವನ್ನು ಬಿಟ್ಟುಬಿಡುವ ಜಾಣತನವೂ ಸಿದ್ಧತೆಯ ಭಾಗವೇ. ಕಾರಿನ ಯಾವ ಭಾಗಕ್ಕಿಂತಲೂ ಚಾಲಕನಿಗೆ ಮಾಡಿದ ಖರ್ಚು, ಅಂದರೆ ಶಿಕ್ಷಕರೊಂದಿಗೆ ಕಳೆದ ಗಂಟೆಗಳು, ಹೆಚ್ಚು ಫಲ ಕೊಡುತ್ತದೆ ಎಂಬುದು ಈ ವಲಯದಲ್ಲಿ ಎಲ್ಲರೂ ಒಪ್ಪುವ ಮಾತು.

ನಮ್ಮ ರಸ್ತೆ, ನಮ್ಮ ಘಾಟಿ

ಮಿಯಾಟಾ ಭಾರತಕ್ಕೆ ಅಧಿಕೃತವಾಗಿ ಬಂದಿಲ್ಲ. ಪಥಗಳು ಮಾತ್ರ ಇವೆ. ಚೆನ್ನೈನಿಂದ ಬೆಂಗಳೂರಿಗೆ ಹೊರಟವರು ಶ್ರೀಪೆರಂಬದೂರಿಗೆ ಮೊದಲೇ ದಾಟುವ ಇರುಂಗಾಟ್ಟುಕೋಟ್ಟೈನಲ್ಲಿ 1990ರಲ್ಲಿ ತೆರೆದ 3.7 ಕಿಲೋಮೀಟರಿನ ಮದ್ರಾಸ್ ಪಥವಿದೆ. ಅದಕ್ಕೂ ಮೊದಲು ರೇಸು ನಡೆಯುತ್ತಿದ್ದುದು ಷೋಳವರಂನ ಹಳೆಯ ವಿಮಾನದಾರಿಯಲ್ಲಿ. ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿ ಕರಿ ಸ್ಪೀಡ್‌ವೇ, ದೆಹಲಿಯವರಿಗೆ ಗ್ರೇಟರ್ ನೋಯಿಡಾದಲ್ಲಿ 2011ರಲ್ಲಿ ಆರಂಭವಾದ 5.125 ಕಿಲೋಮೀಟರಿನ ಬುದ್ಧ ಸರ್ಕ್ಯೂಟ್. ಸಾಮಾನ್ಯ ಹ್ಯಾಚ್‌ಬ್ಯಾಕ್ ಕಾರುಗಳನ್ನು ಒಯ್ದು ಓಡಿಸುವವರೂ ಇದ್ದಾರೆ. ಆ ಕಾರುಗಳೂ ಒಂದು ಟನ್ನಿನ ಆಸುಪಾಸಿನವೇ, ಬ್ರೇಕ್ ಆಯಿಲಿನ ಪಾಠ ಅವಕ್ಕೂ ಒಂದೇ.

ಕೊಳ್ಳುವ ಮೊದಲು ಕಾಗದಪತ್ರ ಓದುವ ಅಭ್ಯಾಸವಿರುವವರು ತಮ್ಮ ವಾಹನ ವಿಮೆಯ ಪಾಲಿಸಿಯನ್ನು ತೆರೆದು ನೋಡಬೇಕು. ಬಳಕೆಯ ಮಿತಿ ಎಂಬ ಭಾಗದಲ್ಲಿ ಸಂಘಟಿತ ರೇಸು, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಇವುಗಳಿಗೆ ವಿಮೆ ಅನ್ವಯಿಸದು ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಅಮೆರಿಕದ ಅನೇಕ ಪಾಲಿಸಿಗಳಲ್ಲೂ ರೇಸ್ ಪಥದಲ್ಲಾದ ನಷ್ಟಕ್ಕೆ ಪರಿಹಾರವಿಲ್ಲ. ಒಂದೇ ದಿನದ ಮಟ್ಟಿಗೆ ಬೇರೆ ಟ್ರ್ಯಾಕ್ ವಿಮೆ ಅಲ್ಲಿ ದೊರೆಯುತ್ತದೆ. ಕಾರನ್ನು ಪಥಕ್ಕೆ ಇಳಿಸುವವನು ‘ಇದು ಪೂರ್ತಿ ಹೋದರೂ ನನ್ನ ಮನೆ ನಡೆಯುತ್ತದೆಯೇ?’ ಎಂದು ಒಮ್ಮೆ ಲೆಕ್ಕ ಹಾಕಿಕೊಳ್ಳಬೇಕು. ಸಾಲದ ಕಂತು ಬಾಕಿ ಇರುವ ಕಾರನ್ನು ಒಯ್ಯುವುದು ಅವಿವೇಕ.

ಟ್ರ್ಯಾಕಿನ ಹುರುಪನ್ನು ಸಾರ್ವಜನಿಕ ರಸ್ತೆಗೆ ತರುವುದು ಅದಕ್ಕಿಂತ ದೊಡ್ಡ ಅವಿವೇಕ. ಮೋಟಾರು ವಾಹನ ಕಾಯಿದೆಯ 189ನೇ ಕಲಮಿನಡಿ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸಿದರೆ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿಯವರೆಗೆ ದಂಡ ಅಥವಾ ಎರಡೂ. ತಿರುವುಗಳ ರಸ್ತೆಯಲ್ಲಿ ಸಣ್ಣ ಕಾರನ್ನು ಖುಷಿಯಿಂದ ಓಡಿಸುವುದು ತಪ್ಪಲ್ಲ. ತನ್ನ ಸಾಲಿನೊಳಗೆ, ಕಣ್ಣಿಗೆ ಕಾಣುವ ದೂರದೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ಇರಬೇಕಷ್ಟೆ. ಹಗುರ ಕಾರಿನ ಸೊಗಸೆಂದರೆ ಗಂಟೆಗೆ 50 ಕಿಲೋಮೀಟರಿನಲ್ಲೂ ಅದು ಓಡುವುದು ಕೈಗೂ ಬೆನ್ನಿಗೂ ತಿಳಿಯುತ್ತದೆ. ಚಾರ್ಮಾಡಿಯ ತಿರುವಿನ ಆಚೆ ಲಾರಿ ಕೆಟ್ಟು ನಿಂತಿರಬಹುದು, ದನ ಮಲಗಿರಬಹುದು. ಅಲ್ಲಿ ಬಾವುಟ ಹಿಡಿದವರು ಯಾರೂ ಇಲ್ಲ.

ರಜೆಯಲ್ಲಿ ಮುಂಬಯಿಯಿಂದ ಅಥವಾ ಪುಣೆಯಿಂದ ಊರಿಗೆ ಕಾರಿನಲ್ಲಿ ಹೊರಡುವ ಸದಸ್ಯರಿಗೆ ಟ್ರ್ಯಾಕಿನವರಿಂದ ಕಲಿಯುವಂಥದ್ದು ಒಂದಿದೆ. ನಾಲ್ಕು ಜನ, ಸಾಮಾನು ಸೇರಿ 1,300 ಕಿಲೋ ಇರುವ ಕಾರು ಆಗುಂಬೆಯಂಥ ಘಾಟಿಯಲ್ಲಿ 500 ಮೀಟರ್ ಕೆಳಗಿಳಿಯಿತೆಂದರೆ ಸುಮಾರು 6,400 ಕಿಲೋಜೂಲ್ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಮೇಲೆ ಹೇಳಿದ ರೇಸ್ ಪಥದ ಗಟ್ಟಿ ಬ್ರೇಕಿನ ಎಂಟೂವರೆ ಪಟ್ಟು. ಸಣ್ಣ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಸುತ್ತಾ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬಹುಪಾಲು ಬ್ರೇಕಿನ ಮೇಲೆ ಬಿದ್ದು ಆಯಿಲನ್ನೂ ಕಾಯಿಸುತ್ತದೆ. ಆ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಬೇಕು, ಮೇಲಿಂದ ಮೇಲೆ ತುಂಬಿಸಿದರೆ ಸಾಲದು. ಗ್ಯಾರೇಜಿನಲ್ಲಿ ಹೊಸ, ಸೀಲು ಒಡೆಯದ ಡಬ್ಬಿಯನ್ನೇ ತೆರೆಯಿಸಬೇಕು. ಕೆಲಸ ಮುಗಿದು ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ಮನೆಗೆ ತಂದು ಎತ್ತಿಡುವುದು ಬೇಡ, ಮುಚ್ಚಳ ಒಮ್ಮೆ ತೆರೆದ ಡಬ್ಬಿ ಕಪಾಟಿನಲ್ಲೇ ತೇವ ಕುಡಿಯಲು ಶುರುಮಾಡಿರುತ್ತದೆ.